ಪೇಸ್‌ಮೇಕರ್ ಸೋಂಕು ಮತ್ತು ಪೆಟ್-ಸಿಟಿ ಪರೀಕ್ಷೆ: ಹನೂರು ಭಾಗದ ವರ್ತಕರು ಅರಿತಿರಬೇಕಾದ ಲೆಕ್ಕ

ಹೃದಯದ ಬಡಿತವನ್ನು ಹದದಲ್ಲಿಡುವ ಪೇಸ್‌ಮೇಕರ್ ಎಂಬ ಉಪಕರಣ ಒಂದು ಕಾಲದಲ್ಲಿ ದೊಡ್ಡ ನಗರಗಳ ಶ್ರೀಮಂತರ ಮಾತಾಗಿತ್ತು. ಇಂದು ಹಾಗಿಲ್ಲ. ಹನೂರು, ಕೊಳ್ಳೇಗಾಲ, ಯಳಂದೂರುಗಳ ರೇಷ್ಮೆ ವ್ಯಾಪಾರಿಗಳು, ದಿನಸಿ ಮಂಡಿಯವರು, ಗ್ರಾನೈಟ್ ಉದ್ದಿಮೆದಾರರು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇದನ್ನು ಅಳವಡಿಸಿಕೊಂಡು ಕೆಲವೇ ದಿನಗಳಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮರಳಿ ಕುಳಿತುಕೊಳ್ಳುವುದು ಸಾಧ್ಯವಾಗಿದೆ. ಆದರೆ ಅಳವಡಿಸಿದ ಉಪಕರಣಕ್ಕೆ ಸೋಂಕು ತಗುಲಿದರೆ ಏನು ಮಾಡಬೇಕು, ಅದನ್ನು ಪತ್ತೆ ಹಚ್ಚುವುದು ಹೇಗೆ, ಅದಕ್ಕೆ ತಗಲುವ ವೆಚ್ಚವನ್ನು ಭರಿಸುವವರು ಯಾರು ಎಂಬ ವಿಷಯಗಳಲ್ಲಿ ತಿಳಿವಳಿಕೆ ಇನ್ನೂ ಸಾಲದು. ಈ ವಿಷಯದಲ್ಲಿ ಸಾವಿರಾರು ರೂಪಾಯಿಯ ಸ್ಕ್ಯಾನ್ ಫಲ ಕೊಡುವುದೋ ಇಲ್ಲವೋ ಎಂಬುದು ಅನೇಕ ವೇಳೆ ಅದಕ್ಕೂ ಮೊದಲು ಊರಿನ ಆಸ್ಪತ್ರೆಯಲ್ಲಿ ನಡೆಯಬೇಕಾದ ಒಂದು ಅಗ್ಗದ ಪರೀಕ್ಷೆಯನ್ನು ಅವಲಂಬಿಸಿರುತ್ತದೆ.

ಉಪಕರಣ ಮತ್ತು ಅದರ ಸೋಂಕು

ಮನುಷ್ಯನ ದೇಹದೊಳಗೆ ಪೂರ್ಣವಾಗಿ ಅಳವಡಿಸಿದ ಮೊದಲ ಪೇಸ್‌ಮೇಕರ್‌ನ ಶಸ್ತ್ರಚಿಕಿತ್ಸೆ ಸ್ವೀಡನ್ನಿನಲ್ಲಿ 1958ರ ಅಕ್ಟೋಬರ್ 8ರಂದು ನಡೆಯಿತು. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಹಾಗೂ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಸೇರಿ ಸಾಧಿಸಿದ ಕಾರ್ಯವಿದು. ಮೊದಲ ರೋಗಿ ಆರ್ನೆ ಲಾರ್ಸನ್ ಅನಂತರ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬದುಕಿದ್ದರು. ಅಪಾಯಕಾರಿ ಲಯತಪ್ಪನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಐ.ಸಿ.ಡಿ. ಎಂಬ ಉಪಕರಣವನ್ನು ಮೊದಲ ಬಾರಿಗೆ ಅಳವಡಿಸಿದ್ದು 1980ರಲ್ಲಿ.

ಈ ಉಪಕರಣಗಳಲ್ಲಿ ಎರಡು ಭಾಗಗಳಿವೆ. ಒಂದು, ಕೊರಳೆಲುಬಿನ ಕೆಳಗೆ ಚರ್ಮದಡಿ ಮಾಡಿದ ಪುಟ್ಟ ಗೂಡಿನಲ್ಲಿ ಕೂರುವ ಬ್ಯಾಟರಿ ಪೆಟ್ಟಿಗೆ. ಇನ್ನೊಂದು, ಅಲ್ಲಿಂದ ರಕ್ತನಾಳದ ಮೂಲಕ ಹೃದಯದೊಳಕ್ಕೆ ಇಳಿಯುವ ತಂತಿ. ವೈದ್ಯರು ಇದನ್ನು ಲೀಡ್ ಎನ್ನುತ್ತಾರೆ. ಸೋಂಕು ಗೂಡಿನಲ್ಲಷ್ಟೇ ನಿಲ್ಲಬಹುದು, ತಂತಿಯ ಮೇಲೆ ಕೂರಬಹುದು, ಹೃದಯದ ಕವಾಟಕ್ಕೂ ಹರಡಬಹುದು. ಬಹುಪಾಲು ಪ್ರಕರಣಗಳಲ್ಲಿ ಇದಕ್ಕೆ ಕಾರಣ ಚರ್ಮದ ಮೇಲೆಯೇ ಸಾಮಾನ್ಯವಾಗಿ ವಾಸಿಸುವ ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಇವು ಲೋಹ ಮತ್ತು ಪ್ಲಾಸ್ಟಿಕ್ಕಿನ ಮೇಲೆ ಅಂಟು ಪದರವೊಂದನ್ನು ಕಟ್ಟಿಕೊಂಡು ಅದರ ಮರೆಯಲ್ಲಿ ಅಡಗುತ್ತವೆ. ಔಷಧ ಅಲ್ಲಿಗೆ ಸುಲಭವಾಗಿ ತಲುಪದು. ಈ ಕಾರಣದಿಂದ ಸೋಂಕು ಖಚಿತವಾದ ಮೇಲೆ ಮಾತ್ರೆ, ಚುಚ್ಚುಮದ್ದುಗಳಷ್ಟೇ ಸಾಲವು. ಪೆಟ್ಟಿಗೆ, ತಂತಿ ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆ.

ಎಲ್ಲರಿಗೂ ಈ ಅಪಾಯ ಸಮನಾಗಿಲ್ಲ. ಸುಮಾರು 7,000 ರೋಗಿಗಳನ್ನೊಳಗೊಂಡು 2019ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಾಮಾನ್ಯ ಕ್ರಮದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 1.2ರಷ್ಟು ಮಂದಿಗೆ ಒಂದು ವರ್ಷದೊಳಗೆ ಗಂಭೀರ ಸೋಂಕು ಕಂಡುಬಂದಿತು. ಔಷಧ ಲೇಪಿತ ಬಲೆಯ ಚೀಲದೊಳಗೆ ಪೆಟ್ಟಿಗೆಯನ್ನಿಟ್ಟವರಲ್ಲಿ ಅದು ಶೇ. 0.7ಕ್ಕೆ ಇಳಿಯಿತು. ಮಧುಮೇಹ, ಮೂತ್ರಪಿಂಡದ ವೈಫಲ್ಯ ಇರುವವರಲ್ಲಿ ಅಪಾಯ ಹೆಚ್ಚು. ಬ್ಯಾಟರಿ ಮುಗಿದು ಪೆಟ್ಟಿಗೆ ಬದಲಾಯಿಸುವ ಎರಡನೆಯ ಶಸ್ತ್ರಕ್ರಿಯೆಯಲ್ಲಿ ಮೊದಲ ಸಲಕ್ಕಿಂತ ಸೋಂಕಿನ ಭಯ ಅಧಿಕ. ‘ಬರೀ ಬ್ಯಾಟರಿ ಬದಲಾವಣೆ ತಾನೆ’ ಎಂದು ಹಗುರವಾಗಿ ಕಾಣುವ ರೂಢಿ ನಮ್ಮ ಕಡೆ ಇದೆ, ಅದು ಸರಿಯಲ್ಲ. ಗೂಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ರಕ್ತ ಕಟ್ಟಿಕೊಂಡವರಲ್ಲಿ ಮುಂದೆ ಸೋಂಕು ಬರುವ ಸಾಧ್ಯತೆ ಏಳು ಪಟ್ಟಿಗೂ ಮಿಗಿಲು ಎಂದು 2016ರ ಮತ್ತೊಂದು ಅಧ್ಯಯನ ತೋರಿಸಿದೆ. ಹಾಗೆಂದು ಆ ಊತಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯಲು ಯಾರಿಗೂ ಅವಕಾಶ ಕೊಡಬಾರದು. ಹೊರಗಿನ ಬ್ಯಾಕ್ಟೀರಿಯಾಕ್ಕೆ ಸೂಜಿಯೇ ದಾರಿ ತೆರೆದಂತಾಗುತ್ತದೆ.

ಕಣ್ಣಿಗೆ ಕಾಣುವುದು, ಕಾಣದಿರುವುದು

ಗೂಡಿನ ಮೇಲಿನ ಚರ್ಮ ಕೆಂಪೇರಿ ಕೀವು ಸುರಿಯುತ್ತಿದ್ದರೆ, ಅಥವಾ ಪೆಟ್ಟಿಗೆಯೇ ಚರ್ಮ ಹರಿದು ಇಣುಕುತ್ತಿದ್ದರೆ ಯಾವ ಸ್ಕ್ಯಾನ್‌ನ ಸಾಕ್ಷ್ಯವೂ ಬೇಕಿಲ್ಲ. ಅದು ಸೋಂಕೇ. ಅಂತಹವರು ಸ್ಕ್ಯಾನ್‌ಗಾಗಿ ಊರೂರು ಅಲೆಯುವುದು ಹಣ, ಕಾಲ ಎರಡರ ನಷ್ಟ. ನೇರವಾಗಿ ಉಪಕರಣ ಅಳವಡಿಸಿದ ಹೃದ್ರೋಗ ಕೇಂದ್ರಕ್ಕೆ ಹೋಗುವುದೇ ಯೋಗ್ಯ.

ತೊಡಕಿರುವುದು ಹೊರಗೆ ಏನೂ ಕಾಣದ ಪ್ರಕರಣಗಳಲ್ಲಿ. ಹನೂರಿನ ವರ್ತಕರೊಬ್ಬರು ಮೂರು ವರ್ಷಗಳ ಹಿಂದೆ ಪೇಸ್‌ಮೇಕರ್ ಹಾಕಿಸಿಕೊಂಡಿದ್ದಾರೆ ಎಂದು ಭಾವಿಸೋಣ. ಗಾಯ ಚೆನ್ನಾಗಿ ಮಾಗಿದೆ. ಸಂಜೆಯಾದರೆ ಚಳಿಜ್ವರ, ಬೆವರು, ಸುಸ್ತು. ಊರಿನಲ್ಲಿ ಐದು ದಿನದ ಆ್ಯಂಟಿಬಯೋಟಿಕ್ ಕೊಡುತ್ತಾರೆ, ಜ್ವರ ತಗ್ಗುತ್ತದೆ. ಔಷಧ ಮುಗಿದು ಹತ್ತು ದಿನಕ್ಕೆ ಮತ್ತೆ ಮರುಕಳಿಸುತ್ತದೆ. ಟೈಫಾಯಿಡ್ ಎಂದು ಮತ್ತೊಂದು ಸುತ್ತು ಔಷಧ. ಹೀಗೆ ಎರಡು ತಿಂಗಳು ಕಳೆಯುತ್ತವೆ. ತಂತಿಯ ಮೇಲೆ ಸೋಂಕು ಕುಳಿತಿರಬಹುದೆಂಬ ಶಂಕೆ ಯಾರಿಗಾದರೂ ಬರುವ ವೇಳೆಗೆ ರಕ್ತದಲ್ಲಿ ಬ್ಯಾಕ್ಟೀರಿಯಾದ ಸುಳಿವೇ ಸಿಗದಂತಾಗಿರುತ್ತದೆ. ಅರೆಬರೆ ಔಷಧ ಸೋಂಕನ್ನು ಅಳಿಸಿಲ್ಲ, ಸಾಕ್ಷ್ಯವನ್ನು ಮಾತ್ರ ಅಳಿಸಿದೆ.

ಶಂಕೆ ಬಂದಾಗ ಮೊದಲು ಮಾಡುವ ಚಿತ್ರಣ ಎಕೋ ಪರೀಕ್ಷೆ. ಎದೆಯ ಮೇಲಿನಿಂದ ಮಾಡುವ ಎಕೋಗಿಂತ ಅನ್ನನಾಳದ ಮೂಲಕ ನಳಿಕೆ ಇಳಿಸಿ ಮಾಡುವ ಟಿ.ಇ.ಇ. ಹೆಚ್ಚು ಸೂಕ್ಷ್ಮವಾದದ್ದು. ತಂತಿಗೆ ಅಂಟಿ ತೂಗಾಡುವ ಗಡ್ಡೆ ಇದರಲ್ಲಿ ಕಾಣಬಹುದು. ಆದರೆ ಲೋಹದ ನೆರಳು ಚಿತ್ರಕ್ಕೆ ಅಡ್ಡ ಬರುತ್ತದೆ. ಸೋಂಕಿಲ್ಲದವರ ತಂತಿಯ ಮೇಲೂ ಹೆಪ್ಪುಗಟ್ಟಿದ ರಕ್ತದ ತುಣುಕು ಇರಬಹುದು; ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಎಕೋ ಸಹಜವಾಗಿದ್ದ ಮಾತ್ರಕ್ಕೆ ಸೋಂಕಿಲ್ಲ ಎನ್ನುವಂತೆಯೂ ಇಲ್ಲ. ಇಂತಹ ಸಂದಿಗ್ಧದಲ್ಲಿ ನೆರವಿಗೆ ಬರುವುದು ಪೆಟ್-ಸಿಟಿ.

ಸಕ್ಕರೆಯ ಜಾಡು ಹಿಡಿಯುವ ಯಂತ್ರ

ಪೆಟ್-ಸಿಟಿ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಕ್ಯಾನ್ಸರ್. ಆ ಪರೀಕ್ಷೆ ಬರೆದುಕೊಟ್ಟರೆಂದು ಮನೆಮಂದಿ ಕಂಗಾಲಾಗುವುದೂ ಉಂಟು. ವಾಸ್ತವದಲ್ಲಿ ಈ ಯಂತ್ರ ಪತ್ತೆ ಹಚ್ಚುವುದು ಸಕ್ಕರೆಯ ಬಳಕೆಯನ್ನು. ಗ್ಲೂಕೋಸ್‌ನಂತೆಯೇ ಇರುವ ಎಫ್.ಡಿ.ಜಿ. ಎಂಬ ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಸೇರಿಸಿ ರಕ್ತನಾಳಕ್ಕೆ ಕೊಡಲಾಗುತ್ತದೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೇಗೆ ಹೆಚ್ಚು ಕಬಳಿಸುತ್ತವೆಯೋ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಹಾಗೆಯೇ ಕಬಳಿಸುತ್ತವೆ. ಸುಮಾರು ಒಂದು ಗಂಟೆ ಕಾದು ಚಿತ್ರ ತೆಗೆದಾಗ ಆ ಜಾಗ ಹೊಳೆಯುತ್ತದೆ. ಜೊತೆಯ ಸಿಟಿ ಚಿತ್ರ ಆ ಹೊಳಪು ಗೂಡಿನಲ್ಲಿದೆಯೋ, ತಂತಿಯ ಮೇಲಿದೆಯೋ, ಕವಾಟದ ಸುತ್ತ ಇದೆಯೋ ಎಂಬ ವಿಳಾಸ ಹೇಳುತ್ತದೆ. ಸೋಂಕಿನ ತುಣುಕು ಹೃದಯದಿಂದ ಕಳಚಿ ಶ್ವಾಸಕೋಶಕ್ಕೋ ಬೆನ್ನುಮೂಳೆಗೋ ಹೋಗಿ ನೆಲೆಸಿದ್ದರೆ ಅದೂ ಇದೇ ಪರೀಕ್ಷೆಯಲ್ಲಿ ಕಾಣಬಹುದು. ಎಕೋದಿಂದ ಸಾಧ್ಯವಾಗದ ಕೆಲಸ ಇದು.

ವ್ಯಾಪಾರಸ್ಥರಿಗೆ ಕುತೂಹಲವೆನಿಸುವ ಸಂಗತಿಯೆಂದರೆ ಈ ಸರಕಿನ ಸವಕಳಿ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಬೆಳಿಗ್ಗೆ ಆರು ಗಂಟೆಗೆ ನೂರು ಪಾಲು ಇದ್ದದ್ದು ಎಂಟು ಗಂಟೆಗೆ ಹತ್ತು ನಿಮಿಷವಿರುವಾಗ ಐವತ್ತು, ಒಂಬತ್ತು ನಲವತ್ತಕ್ಕೆ ಇಪ್ಪತ್ತೈದು, ಹನ್ನೊಂದೂವರೆಗೆ ಹನ್ನೆರಡೂವರೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಇಳಿಯುವ ಶಿಲ್ಕಿನ ಮೇಲೆ ಹಾಕುವ ಸವಕಳಿ. ಆದರೆ ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಕ್ಷಣವೂ. ಇದನ್ನು ದಾಸ್ತಾನು ಮಾಡುವಂತಿಲ್ಲ, ನಾಳೆಗೆ ಉಳಿಸುವಂತಿಲ್ಲ. ತಯಾರಿಕೆಗೆ ಸೈಕ್ಲೋಟ್ರಾನ್ ಎಂಬ ಬೃಹತ್ ಯಂತ್ರ ಬೇಕು. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬಯಿಯ ಪರೇಲ್‌ನಲ್ಲಿರುವ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ ಆರಂಭವಾಯಿತು. ಅನಂತರ ಬೆಂಗಳೂರಿಗೂ ಬಂದಿತು. ಸೈಕ್ಲೋಟ್ರಾನ್ ಇಲ್ಲದ ಊರುಗಳ ಸ್ಕ್ಯಾನ್ ಕೇಂದ್ರಗಳು ಔಷಧವನ್ನು ರಸ್ತೆಯ ಮೂಲಕ ತರಿಸಿಕೊಳ್ಳಬೇಕು. ಬೆಂಗಳೂರು-ಮೈಸೂರು ಹೆದ್ದಾರಿಯ ಪ್ರಯಾಣ ತಗ್ಗಿದ ಪ್ರತಿ ಅರ್ಧ ಗಂಟೆಯೂ ಇಂತಹ ಸರಕಿನ ಮಟ್ಟಿಗೆ ನೇರ ಉಳಿತಾಯ.

ಮಾರ್ಟಳ್ಳಿ, ಹೂಗ್ಯಂ, ಮಲೆ ಮಹದೇಶ್ವರ ಬೆಟ್ಟದ ಕಡೆಯವರು ಇದರಿಂದ ಕಲಿಯಬೇಕಾದ ಪಾಠ ಒಂದಿದೆ. ಒಂಬತ್ತಕ್ಕೆ ಬರಹೇಳಿದ ರೋಗಿ ಬಸ್ಸು ತಪ್ಪಿ ಹನ್ನೊಂದಕ್ಕೆ ತಲುಪಿದರೆ ಆತನ ಪಾಲಿನ ಔಷಧದಲ್ಲಿ ಅರ್ಧಕ್ಕಿಂತ ಹೆಚ್ಚು ಆವಿಯಾದಂತೆಯೇ ಲೆಕ್ಕ. ಹಿಂದಿನ ರಾತ್ರಿಯೇ ಹೋಗಿ ತಂಗುವುದು ಲೇಸು.

ಮುದ್ದೆ ಬಿಟ್ಟರೆ ಮಾತ್ರ ಚಿತ್ರ ಸ್ಪಷ್ಟ

ಹೃದಯದ ಸ್ನಾಯುವೂ ಸಕ್ಕರೆಯನ್ನು ಬಳಸುತ್ತದೆ. ಊಟ ಮಾಡಿ ಹೋದವರ ಹೃದಯವೆಲ್ಲ ಹೊಳೆಯುತ್ತದೆ. ಆ ಬೆಳಕಿನಲ್ಲಿ ಸೋಂಕಿನ ಸಣ್ಣ ಕಿಡಿ ಕಾಣದು. ಕ್ಯಾನ್ಸರ್ ಪರೀಕ್ಷೆಗೆ ಕೆಲವು ಗಂಟೆಗಳ ಉಪವಾಸ ಸಾಕಾಗುತ್ತದೆ. ಹೃದಯದ ಸೋಂಕಿನ ಪರೀಕ್ಷೆಗೆ ಅದು ಸಾಲದು. ಹಿಂದಿನ ದಿನ ಪಿಷ್ಟವಿಲ್ಲದ, ಕೊಬ್ಬು ಹೆಚ್ಚಿರುವ ಆಹಾರ ಸೇವಿಸಿ, ಅನಂತರ ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ನೀರು ಮಾತ್ರ ಕುಡಿದಿರಬೇಕು. ಆಗ ಹೃದಯದ ಸ್ನಾಯು ಸಕ್ಕರೆಯನ್ನು ಬಿಟ್ಟು ಕೊಬ್ಬನ್ನು ಉರಿಸಲು ತೊಡಗುತ್ತದೆ.

ರಾಗಿ ಮುದ್ದೆ, ಅನ್ನ, ಚಪಾತಿ, ಬೇಳೆ ಸಾರು, ಆಲೂಗಡ್ಡೆ, ಬಾಳೆಹಣ್ಣು, ಸಕ್ಕರೆ ಹಾಕಿದ ಕಾಫಿ, ಬೆಲ್ಲ ಇವೆಲ್ಲ ವರ್ಜ್ಯ. ಬೆಟ್ಟದ ಲಾಡು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಎತ್ತಿಡುವುದು ಒಳ್ಳೆಯದು; ಒಂದು ಲಾಡು ಇಡೀ ದಿನದ ಸಿದ್ಧತೆಯನ್ನು ಕೆಡಿಸಬಲ್ಲದು. ಮೊಟ್ಟೆ, ಎಣ್ಣೆಯಲ್ಲಿ ಹುರಿದ ಮಾಂಸ ಇದಕ್ಕೆ ಒಗ್ಗುತ್ತವೆ. ಸಸ್ಯಾಹಾರಿಗಳು ಪನೀರ್, ತುಪ್ಪ, ಬೆಣ್ಣೆಗಳನ್ನು ಆಶ್ರಯಿಸಬೇಕು. ಈ ಪಟ್ಟಿಯನ್ನು ಸ್ಕ್ಯಾನ್ ಕೇಂದ್ರದಿಂದ ಮುಂಚಿತವಾಗಿ ಬರಹದಲ್ಲಿ ಪಡೆಯತಕ್ಕದ್ದು. ಕೇಂದ್ರದವರು ಕ್ಯಾನ್ಸರ್ ರೋಗಿಗಳಿಗೆ ಕೊಡುವ ಸಾಮಾನ್ಯ ಸೂಚನೆಯನ್ನೇ ಕೊಟ್ಟರೆ, ಪರೀಕ್ಷೆ ಹೃದಯದ ಸೋಂಕಿಗಾಗಿ ಎಂಬುದನ್ನು ನೆನಪಿಸಲು ಸಂಕೋಚಪಡಬೇಕಿಲ್ಲ. ಮಧುಮೇಹಿಗಳು ಇನ್ಸುಲಿನ್ ಮತ್ತು ಮಾತ್ರೆಗಳ ವಿಷಯದಲ್ಲಿ ವೈದ್ಯರ ಮಾತಿನಂತೆಯೇ ನಡೆಯಬೇಕು. ಸ್ವಂತ ತೀರ್ಮಾನ ಕೂಡದು.

ಎಷ್ಟರ ಮಟ್ಟಿಗೆ ನಂಬಬಹುದು

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಗೂಡಿನ ಸೋಂಕನ್ನು ಪೆಟ್-ಸಿಟಿ ನೂರಕ್ಕೆ 96 ಪ್ರಕರಣಗಳಲ್ಲಿ ಗುರುತಿಸುತ್ತದೆ. ತಂತಿಯ ಸೋಂಕಿನಲ್ಲಿ ಈ ಪ್ರಮಾಣ 76. ಎಂದರೆ ತಂತಿಗೆ ಸೋಂಕು ತಗುಲಿದ ನಾಲ್ವರಲ್ಲಿ ಒಬ್ಬರ ಸ್ಕ್ಯಾನ್ ಏನನ್ನೂ ತೋರಿಸದಿರಬಹುದು. ಹೊಳಪು ಕಂಡರೆ ಅದು ಬಲವಾದ ಸಾಕ್ಷ್ಯ. ಕಾಣದಿದ್ದರೆ ಪೂರ್ಣ ಖುಲಾಸೆ ಅಲ್ಲ. ದೀರ್ಘಕಾಲ ಆ್ಯಂಟಿಬಯೋಟಿಕ್ ನಡೆದಿದ್ದರೆ ಹೊಳಪು ಇನ್ನಷ್ಟು ಕುಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ, ಶಸ್ತ್ರಕ್ರಿಯೆಯಾದ ಮೊದಲ ಆರೆಂಟು ವಾರಗಳಲ್ಲಿ ಮಾಗುತ್ತಿರುವ ಗಾಯವೇ ಹೊಳೆದು ದಾರಿ ತಪ್ಪಿಸಬಹುದು. ಲೋಹದ ಪೆಟ್ಟಿಗೆ ಸಿಟಿಯ ತಿದ್ದುಪಡಿ ಲೆಕ್ಕವನ್ನು ಏರುಪೇರು ಮಾಡಿ ಇಲ್ಲದ ಹೊಳಪನ್ನು ತೋರಿಸುವುದೂ ಉಂಟು. ಅನುಭವಿ ತಜ್ಞರು ಈ ಕಾರಣಕ್ಕೆ ತಿದ್ದುಪಡಿ ಇಲ್ಲದ ಮೂಲ ಚಿತ್ರವನ್ನೂ ನೋಡುತ್ತಾರೆ.

ಕೃತಕ ಕವಾಟ ಹಾಕಿಸಿಕೊಂಡವರ ಸ್ಥಿತಿಯೂ ಇದಕ್ಕೆ ಹತ್ತಿರದ್ದೇ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ಸ್ವದೇಶಿ ಚಿತ್ರಾ ಕವಾಟ 1990ರಲ್ಲಿ ಮೊದಲು ಬಳಕೆಗೆ ಬಂದಾಗಿನಿಂದ ದೇಶದಲ್ಲಿ ಇಂತಹವರ ಸಂಖ್ಯೆಯೂ ಬೆಳೆದಿದೆ. ಫ್ರಾನ್ಸಿನಲ್ಲಿ 72 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೂಢಿಯ ಮಾನದಂಡಗಳಿಗೆ ಪೆಟ್-ಸಿಟಿಯನ್ನು ಸೇರಿಸಿದಾಗ ಪತ್ತೆಯ ಪ್ರಮಾಣ ಶೇ. 70ರಿಂದ 97ಕ್ಕೆ ಏರಿತು. ಯೂರೋಪಿನ ಹೃದ್ರೋಗ ತಜ್ಞರ ಸಂಘ 2015ರ ಮಾರ್ಗಸೂಚಿಯಲ್ಲಿ ಕೃತಕ ಕವಾಟಕ್ಕೆ ಸಂಬಂಧಿಸಿ ಇದಕ್ಕೆ ಪ್ರಧಾನ ಸಾಕ್ಷ್ಯದ ಸ್ಥಾನ ನೀಡಿತು. 2023ರಲ್ಲಿ ಪರಿಷ್ಕೃತವಾದ ಡ್ಯೂಕ್ ಮಾನದಂಡಗಳಲ್ಲಿ ಪೇಸ್‌ಮೇಕರ್ ತಂತಿಗೂ ಅದೇ ಸ್ಥಾನ ದೊರೆಯಿತು. ರೋಗಿಯದೇ ಬಿಳಿ ರಕ್ತಕಣಗಳಿಗೆ ಟೆಕ್ನೀಷಿಯಂ ಸೇರಿಸಿ ಮರಳಿ ಕೊಟ್ಟು ಮಾಡುವ ಇನ್ನೊಂದು ಸ್ಕ್ಯಾನ್ ಕೂಡ ಇದೆ. ಅದು ಸೋಂಕಿಗೂ ಬರೀ ಉರಿಯೂತಕ್ಕೂ ವ್ಯತ್ಯಾಸ ತೋರಿಸುವುದರಲ್ಲಿ ಮೇಲು, ಆದರೆ ಶ್ರಮ ಮತ್ತು ಸಮಯ ಹೆಚ್ಚು.

ಈ ಎಚ್ಚರಿಕೆಗಳೆಲ್ಲ ಏಕೆಂದರೆ ತೀರ್ಮಾನದ ಎರಡು ಬದಿಯಲ್ಲೂ ಬೆಲೆ ತೆರಬೇಕಾಗುತ್ತದೆ. ವರ್ಷ ಕಳೆದ ತಂತಿ ಹೃದಯದ ಗೋಡೆಗೆ ಬೆಸೆದುಕೊಂಡಿರುತ್ತದೆ. ಅದನ್ನು ಬಿಡಿಸುವುದು ನುರಿತ ಕೇಂದ್ರದ ಕೆಲಸ. ಯೂರೋಪಿನಲ್ಲಿ 3,500ಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಆಧರಿಸಿ 2017ರಲ್ಲಿ ಹೊರಬಂದ ವರದಿಯಂತೆ ತಂತಿ ತೆಗೆಯುವಾಗ ಗಂಭೀರ ತೊಡಕು ಶೇ. 1.7ರಷ್ಟು, ಸಾವು ಶೇ. 0.5ರಷ್ಟು. ಸೋಂಕಿಲ್ಲದವರನ್ನು ಈ ಅಪಾಯಕ್ಕೆ ಒಡ್ಡಿ, ಲಕ್ಷಾಂತರ ರೂಪಾಯಿಯ ಉಪಕರಣವನ್ನು ಕಿತ್ತು ಹೊಸದನ್ನು ಹಾಕುವುದು ಅನ್ಯಾಯ. ಸೋಂಕಿದ್ದವರನ್ನು ಹಾಗೆಯೇ ಬಿಡುವುದು ಪ್ರಾಣಕ್ಕೇ ಸಂಚಕಾರ.

ವಿಮೆ ಮತ್ತು ತೆರಿಗೆ

ಇಲ್ಲಿಯೇ ಅನೇಕರು ಎಡವುವುದು. ಆರೋಗ್ಯ ವಿಮಾ ಪಾಲಿಸಿಗಳಲ್ಲಿ ‘ತಪಾಸಣೆ ಮತ್ತು ಮೌಲ್ಯಮಾಪನ’ ಎಂಬ ಏಕರೂಪದ ಹೊರಗಿಡುವಿಕೆಯ ಷರತ್ತಿದೆ. ಅದರ ಸಂಕೇತ ಎಕ್ಸ್‌ಕ್ಲ್ 04. ಪರೀಕ್ಷೆಯ ಉದ್ದೇಶಕ್ಕಷ್ಟೇ ಆಸ್ಪತ್ರೆಗೆ ದಾಖಲಾದರೆ ವೆಚ್ಚ ದೊರೆಯದು. ‘ಒಂದು ರಾತ್ರಿ ಅಡ್ಮಿಟ್ ಆಗಿಬಿಡಿ, ಕ್ಲೇಮ್ ಆಗುತ್ತದೆ’ ಎಂಬ ಪುಕ್ಕಟೆ ಸಲಹೆ ಇದರಿಂದ ತಿರುಗುಬಾಣವಾಗುತ್ತದೆ. ಆದರೆ ಅದೇ ರೋಗದ ಚಿಕಿತ್ಸೆಗೆ ಮುಂದೆ ದಾಖಲಾದಲ್ಲಿ, ದಾಖಲಾತಿಗೆ ಮುಂಚಿನ 30 ಅಥವಾ 60 ದಿನಗಳ ಸಂಬಂಧಿತ ವೆಚ್ಚವನ್ನು ಬಹುಪಾಲು ಪಾಲಿಸಿಗಳು ಕೊಡುತ್ತವೆ. ಹೊರರೋಗಿಯಾಗಿ ಮಾಡಿಸಿದ ಪೆಟ್-ಸಿಟಿ ಈ ಬಾಗಿಲಿನಿಂದ ಒಳಬರಬಹುದು. ಇದಕ್ಕಾಗಿ ವೈದ್ಯರ ಚೀಟಿಯಲ್ಲಿ ಉಪಕರಣದ ಸೋಂಕಿನ ಶಂಕೆ ಎಂಬುದು ಸ್ಪಷ್ಟವಾಗಿ ನಮೂದಾಗಿರಬೇಕು. ಬಿಲ್, ವರದಿ, ಚೀಟಿಗಳ ದಿನಾಂಕ ಒಂದಕ್ಕೊಂದು ಹೊಂದಬೇಕು.

ಪೇಸ್‌ಮೇಕರ್ ಈಗಾಗಲೇ ಇರುವವರು ಹೊಸ ಪಾಲಿಸಿ ಕೊಳ್ಳುವಾಗ ಅದನ್ನು ಮರೆಮಾಚಬಾರದು. 2024ರ ಏಪ್ರಿಲ್‌ನಿಂದ ಪೂರ್ವರೋಗಗಳ ಕಾಯುವ ಅವಧಿಯ ಗರಿಷ್ಠ ಮಿತಿ 48 ತಿಂಗಳಿಂದ 36 ತಿಂಗಳಿಗೆ ಇಳಿದಿದೆ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಸಂಘ ಸಂಸ್ಥೆಗಳು ತೆಗೆದುಕೊಳ್ಳುವ ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಅನ್ವಯಿಸದು.

ಆದಾಯ ತೆರಿಗೆಯಲ್ಲಿ 1961ರ ಕಾಯಿದೆಯ 80ಡಿ ಎಂದೇ ಪರಿಚಿತವಾದ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಆರೋಗ್ಯ ವಿಮೆಯೇ ಇಲ್ಲದ 60 ದಾಟಿದ ಹಿರಿಯರ ಚಿಕಿತ್ಸಾ ವೆಚ್ಚವನ್ನು ರೂ. 50,000ದ ಮಿತಿಯಲ್ಲಿ ಕಳೆಯಬಹುದು. ಆದರೆ ನಗದಾಗಿ ಕೊಟ್ಟದ್ದಕ್ಕೆ ಇದು ಸಿಗದು. ನೋಟು ಎಣಿಸಿ ಕೊಡುವ ನಮ್ಮ ಮಂಡಿಯ ಅಭ್ಯಾಸ ಇಲ್ಲಿ ನಷ್ಟಕ್ಕೆ ದಾರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ, ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ರೂ. 1.5 ಲಕ್ಷದವರೆಗೆ ನೆರವಿದೆ. ಉಪಕರಣ ತೆಗೆಯುವ ಚಿಕಿತ್ಸೆ ಹಾಗೂ ಸ್ಕ್ಯಾನ್ ಯಾವ ಪ್ಯಾಕೇಜಿನಡಿ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ದಾಖಲಾಗುವ ಮೊದಲೇ ವಿಚಾರಿಸಬೇಕು.

ಹನೂರಿಗೆ ಬೇಕಾದದ್ದು

ಕೊಳ್ಳೇಗಾಲದಿಂದ ಬೇರ್ಪಟ್ಟು ಹನೂರು ತಾಲ್ಲೂಕಾದ ಮೇಲೆ ಸೌಲಭ್ಯಗಳ ಬೇಡಿಕೆ ಪಟ್ಟಿ ಬೆಳೆಯುವುದು ಸಹಜ. ಜಿಲ್ಲೆಗೊಂದು ಪೆಟ್-ಸಿಟಿ ಬೇಕೆಂಬ ಬೇಡಿಕೆ ಕೇಳಲು ಚೆನ್ನ. ಗಂಟೆ ಗಂಟೆಗೂ ಕರಗುವ ಔಷಧ, ದಿನವೂ ಸಾಕಷ್ಟು ರೋಗಿಗಳಿಲ್ಲದಿದ್ದರೆ ನಷ್ಟದಲ್ಲಿ ಓಡುವ ಯಂತ್ರ, ಚಿತ್ರವನ್ನು ಓದಬಲ್ಲ ತಜ್ಞರು ಇವನ್ನೆಲ್ಲ ಲೆಕ್ಕ ಹಾಕಿದರೆ ಆ ಹಣ ಇಲ್ಲಿ ಫಲಿಸದು. ಮೈಸೂರು ದೂರವೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಖಾಸಗಿ ದವಾಖಾನೆಗಳಲ್ಲಿಯೂ ಯಾವ ಹೊತ್ತಿನಲ್ಲಾದರೂ ಸಿಗಬೇಕಾದದ್ದು ಬ್ಲಡ್ ಕಲ್ಚರ್ ಬಾಟಲಿ. ಉಪಕರಣ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದಾಗ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಬೇರೆ ಬೇರೆ ಕಡೆಯಿಂದ ಎರಡು ಅಥವಾ ಮೂರು ಜೊತೆ ಬಾಟಲಿಗೆ ರಕ್ತ ತೆಗೆಯಬೇಕು. ರೋಗಿ ತೀರಾ ಅಸ್ವಸ್ಥನಾಗಿದ್ದರೆ ಔಷಧವನ್ನು ತಡಮಾಡುವಂತಿಲ್ಲ. ಆದರೆ ರಕ್ತ ತೆಗೆಯಲು ಕೆಲವು ನಿಮಿಷ ಸಾಕು. ರೋಗಾಣುವಿನ ಹೆಸರು ಗೊತ್ತಾದರೆ ಸ್ಕ್ಯಾನ್ ಬೇಕೋ ಬೇಡವೋ, ಯಾವ ಔಷಧ, ಎಷ್ಟು ವಾರ ಎಂಬುದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಇದಕ್ಕೆ ಹಣದ ಮೂಲವೂ ಇದೆ. ಜಿಲ್ಲೆಯ ಕಪ್ಪು ಗ್ರಾನೈಟ್ ಗಣಿಗಳಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಂದಾಯವಾಗುವ ಹಣವನ್ನು ಬಳಸಬಹುದಾದ ಆದ್ಯತಾ ಕ್ಷೇತ್ರಗಳಲ್ಲಿ ಆರೋಗ್ಯವೂ ಒಂದು. ಕಂಪನಿ ಕಾಯಿದೆ 2013ರ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನೂ ಇದಕ್ಕೆ ವಿನಿಯೋಗಿಸಬಹುದು. ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಿಂದ ಇರುವುದರಿಂದ ಮಾದರಿಗಳನ್ನು ಹೊರ ಜಿಲ್ಲೆಗೇ ಕಳುಹಿಸಬೇಕೆಂಬ ನಿರ್ಬಂಧವಿಲ್ಲ. ಬೇಕಾದದ್ದು ಬಾಟಲಿಗಳ ಸರಬರಾಜು, ರಕ್ತ ತೆಗೆಯುವ ಸಿಬ್ಬಂದಿಗೆ ತರಬೇತಿ, ದಿನಕ್ಕೆ ಎರಡು ಬಾರಿ ಸಾಗಣೆಯ ಏರ್ಪಾಡು. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಕೂಡದು. ಕೋಣೆಯ ಉಷ್ಣಾಂಶದಲ್ಲಿಯೇ ಇರಿಸಿ, ಸಾಧ್ಯವಾದಷ್ಟು ಬೇಗ ಪ್ರಯೋಗಾಲಯಕ್ಕೆ ತಲುಪಿಸಬೇಕು. ಬಾಟಲಿಯ ಮೇಲೆ ರಕ್ತ ತೆಗೆದ ಗಂಟೆಯನ್ನೂ, ರೋಗಿಗೆ ಪೇಸ್‌ಮೇಕರ್ ಇದೆ ಎಂಬುದನ್ನೂ ಬರೆದಿರತಕ್ಕದ್ದು.